ವಿರಾಜಪೇಟೆಯ ಹಳೆಯ ಮಳಿಗೆ: ಸರಕಿನ ಜೊತೆಗೆ ಕಟ್ಟಡವನ್ನೂ ನೋಡಿ
ವಿರಾಜಪೇಟೆಯ ಪೇಟೆಬೀದಿಯ ಈ ಹಳೆಯ ಮಳಿಗೆಯಲ್ಲಿ ಕಾಳುಮೆಣಸು, ಏಲಕ್ಕಿ, ಕಾಫಿಪುಡಿ, ಕೊಡಗಿನ ಅಡುಗೆಗೆ ಬಳಸುವ ಕಪ್ಪು ಹುಳಿರಸವಾದ ಕಾಚಂಪುಳಿ ಸಿಗುತ್ತವೆ. ಸರಕು ಚೆನ್ನಾಗಿದೆ, ಬೆಲೆ ತುಸು ಹೆಚ್ಚು. ಆದರೆ ಆಷಾಢದ ಜಡಿಮಳೆಯಲ್ಲೂ ಇಲ್ಲಿನ ಮೆಣಸಿಗೆ ಬೂಷ್ಟು ಹಿಡಿಯದಿರಲು ವ್ಯಾಪಾರಿಗಿಂತ ಹೆಚ್ಚಾಗಿ ಕಟ್ಟಡವೇ ಕಾರಣವೆಂದು ನನ್ನ ಅಭಿಪ್ರಾಯ.

ಮಾಡು ಕಡಿದಾಗಿದ್ದು, ಜಗಲಿಯನ್ನು ದಾಟಿ ಚಾಚಿಕೊಂಡಿರುವುದರಿಂದ ಎರಚಲು ಗೋಡೆಯನ್ನು ಮುಟ್ಟುವುದಿಲ್ಲ. ಹೊದಿಸಿರುವುದು ಮಂಗಳೂರು ಹಂಚು. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆ ತೆರೆದ ಮೇಲೆ ಹಬ್ಬಿದ ಈ ಹಂಚುಗಳು ಅಂಚಿಗೆ ಅಂಚು ಕಚ್ಚಿಕೊಂಡು, ಗಾರೆಯ ಹಂಗಿಲ್ಲದೆ ರೀಪಿನ ಮೇಲೆ ಕೂರುತ್ತವೆ. ನೀರು ಜಾರಿ ಹೋಗುತ್ತದೆ, ಸಂದುಗಳಿಂದ ಒಳಗಿನ ಸೆಕೆಯೂ ತೇವವೂ ಹೊರಬೀಳುತ್ತವೆ. ಮೂಟೆಗಳನ್ನು ಅಟ್ಟದ ಮೇಲಿಡುವ ರೂಢಿಯ ಹಿಂದಿರುವ ಲೆಕ್ಕಾಚಾರ ಇದೇ. ನಡುನಡುವೆ ಕೂರಿಸಿದ ಗಾಜಿನ ಹಂಚುಗಳಿಂದ ಹಗಲಿನಲ್ಲಿ ದೀಪವಿಲ್ಲದೆಯೂ ತಕ್ಕಡಿಯ ಮುಳ್ಳು ಕಾಣುತ್ತದೆ.

ಮುಂಭಾಗದ ಹಲಗೆ ಬಾಗಿಲನ್ನು ನೋಡಬೇಕೆಂದರೆ ಬೆಳಿಗ್ಗೆ ಅಂಗಡಿ ತೆರೆಯುವ ಹೊತ್ತಿಗೆ ಹೋಗಬೇಕು. ತಿರುಗಣೆಯಿಲ್ಲ, ಕೀಲಿಲ್ಲ, ಮೇಲಿನ ತೊಲೆಯಲ್ಲೂ ಕೆಳಗಿನ ಹೊಸ್ತಿಲಲ್ಲೂ ಕೊರೆದ ಜಾಡಿನಲ್ಲಿ ಹಲಗೆಗಳನ್ನು ಒಂದೊಂದಾಗಿ ಜಾರಿಸಿ ತೆಗೆದು ಮೂಲೆಗೆ ಒರಗಿಸುತ್ತಾರೆ. ಕ್ರಮ ತಪ್ಪಿದರೆ ರಾತ್ರಿ ಬಾಗಿಲು ಕೂರುವುದಿಲ್ಲವಾದ್ದರಿಂದ ಪ್ರತಿ ಹಲಗೆಯ ಮೇಲೂ ಉಳಿಯಿಂದ ಕೆತ್ತಿದ ಅಂಕಿಯಿದೆ. 7ನೆಯದು ಮಾತ್ರ ಹೊಸ ಮರದ್ದು. ಅದರ ಅಂಕಿಯನ್ನು ಬಿಳಿ ಬಣ್ಣದಲ್ಲಿ ಬರೆದು ಕೈತೊಳೆದುಕೊಂಡಿದ್ದಾರೆ. ಕೊಡಗಿನ ಅರಸ ದೊಡ್ಡವೀರರಾಜೇಂದ್ರ 1792ರಲ್ಲಿ ಕಟ್ಟಿಸಿದ ಈ ಪೇಟೆಗೆ ಘಟ್ಟದ ಕೆಳಗಿನ ಕಣ್ಣೂರು, ತಲಚೇರಿಗಳ ನಂಟು ಹಳೆಯದು. ಇಂತಹ ಬಾಗಿಲುಗಳು ಅಲ್ಲಿನ ಹಳೆಯ ಅಂಗಡಿಗಳಲ್ಲೂ ಇವೆ.

ಇಷ್ಟೆಲ್ಲ ಇದ್ದೂ ಮಾಲೀಕರು ಮುಂಭಾಗದ ಮರದ ಕುಸುರಿಯನ್ನು ಫ್ಲೆಕ್ಸ್ ಬೋರ್ಡಿನಿಂದ ಮುಚ್ಚಿರುವುದು ಬೇಸರದ ಸಂಗತಿ. ಕಾವಿ ನೆಲದ ಅರ್ಧಭಾಗಕ್ಕೆ ಹಾಸಿರುವ ನುಣುಪು ಟೈಲ್ಸ್ ಒದ್ದೆ ಚಪ್ಪಲಿಗೆ ಜಾರುತ್ತದೆ. ಹಿರಿಯರ ಕೈಹಿಡಿದು ನಡೆಸುವುದು ಒಳ್ಳೆಯದು. ಇವೆರಡಕ್ಕಿಂತ ದೊಡ್ಡ ತಪ್ಪು ಹಿಂಬದಿಗೆ ಸೇರಿಸಿದ ತಾರಸಿಯ ಕೋಣೆ. ಗಾಳಿಗೆ ದಾರಿಯಿಲ್ಲದ ಅದರ ಗೋಡೆ ಮಳೆಗಾಲವಿಡೀ ಬೆವರುತ್ತದೆ, ಅಲ್ಲಿಂದ ತಂದುಕೊಟ್ಟ ಕಾಫಿಪುಡಿಯ ಪೊಟ್ಟಣ ಗಂಟುಕಟ್ಟಿತ್ತು. ಕೇಳಿದ ಮೇಲೆ ಮರುಮಾತಿಲ್ಲದೆ ಬದಲಿಸಿಕೊಟ್ಟರು. ಪುಡಿ ಬೇಕಾದವರು ಅಂಗಡಿಯ ಮುಂಭಾಗದಲ್ಲಿರುವ ಡಬ್ಬದಿಂದಲೇ ತೂಗಿಸಿಕೊಳ್ಳಲಿ.