ಮೇನ್‌ಫ್ರೇಮ್ ಪ್ರೊಡಕ್ಷನ್‌ಗೆ ರೆಕ್ಸ್ ಸರೀನಾ, ಪೈಥಾನ್ ಸರೀನಾ?

ಜೆಡ್‌ಓಎಸ್‌ನಲ್ಲಿ (ಐಬಿಎಂ ಮೇನ್‌ಫ್ರೇಮ್ ಅನ್ನೋ ದೊಡ್ಡ ಕಂಪ್ಯೂಟರ್‌ನ ಆಪರೇಟಿಂಗ್ ಸಿಸ್ಟಮ್) ಬ್ಯಾಚ್ ಸಪೋರ್ಟ್ ಮಾಡೋರು, ಅಂದ್ರೆ ತಾನಾಗೇ ಓಡೋ ಜಾಬ್‌ಗಳನ್ನ ನೋಡ್ಕೊಳ್ಳೋರು, ಯಾವ ಸ್ಕ್ರಿಪ್ಟಿಂಗ್ ಲ್ಯಾಂಗ್ವೇಜ್ ಹಿಡೀಬೇಕು ಅಂದ್ರೆ ನನ್ನ ಓಟು ಇವತ್ತಿಗೂ ರೆಕ್ಸ್‌ಗೇ. 1979ರಲ್ಲಿ ಐಬಿಎಂನ ಮೈಕ್ ಕೌಲಿಷಾ ಶುರು ಮಾಡಿದ್ದು, ಹಳೇದು ನಿಜ, ಆದ್ರೆ ಬೇರೆ ಏನೂ ಇನ್‌ಸ್ಟಾಲ್ ಮಾಡೋ ಹಾಗಿಲ್ಲ, ಸಿಸ್ಟಮ್ ಜೊತೇಲೇ ಬರತ್ತೆ, ಜೆಸಿಎಲ್‌ನಲ್ಲಿ (ಜಾಬ್ ಓಡಿಸೋಕೆ ಬರೆಯೋ ಸೂಚನೆಗಳು) ಒಂದು ಸ್ಟೆಪ್ ಹಾಕಿ ಓಡಿಸಿದ್ರೆ ಆಯ್ತು, ಎಕ್ಸೆಕ್‌ಐಓ ಅನ್ನೋ ಕಮಾಂಡ್ ಒಂದೇ ಸಾಲಲ್ಲಿ ಡೇಟಾಸೆಟ್ (ಮೇನ್‌ಫ್ರೇಮ್ ಫೈಲ್) ಪೂರ್ತಿ ಓದ್ಕೊಡತ್ತೆ.

ಒಂದ್ ವಿಷಯ ಮಾತ್ರ ದಯವಿಟ್ಟು ನೆನಪಿಟ್ಕೊಳಿ. ರೆಕ್ಸ್‌ನಲ್ಲಿ ಡೀಫಾಲ್ಟ್ ಆಗಿ ಲೆಕ್ಕ ಬರೀ 9 ಅಂಕಿಗೆ ನಿಲ್ಲತ್ತೆ. ಹಿಂದೆ ಕೆಲಸ ಮಾಡ್ತಿದ್ದ ಒಂದ್ ಕಡೆ ನೈಟ್ ಶಿಫ್ಟಲ್ಲಿ ನೂರು ಕೋಟಿ ದಾಟಿದ ಟೋಟಲ್, ರಿಪೋರ್ಟಲ್ಲಿ 1.23456789ಇ+9 ಅಂತ ಬಂದು ಪೈಸೆ ಎಲ್ಲ ಮಾಯ, ಬೆಳಗಿನ ಜಾವದವರೆಗೂ ಹುಡುಕಿದ್ವಿ, ಪ್ರೋಗ್ರಾಂ ಶುರುವಲ್ಲೇ ನ್ಯೂಮರಿಕ್ ಡಿಜಿಟ್ಸ್ 20 ಅಂತ ಒಂದ್ ಸಾಲು ಸೇರಿಸಿದ್ಮೇಲೆ ಸರಿಹೋಯ್ತು.

ಪೈಥಾನ್ ಕೂಡ ಈಗ ಐಬಿಎಮ್ಮೇ ಕೊಡತ್ತೆ. ಜೇಸನ್ (ಡೇಟಾ ಬರೆಯೋ ಒಂದು ಫಾರ್ಮ್ಯಾಟ್), ಎಪಿಐ (ಬೇರೆ ಪ್ರೋಗ್ರಾಂ ಜೊತೆ ಮಾತಾಡೋ ದಾರಿ) ಕೆಲಸಕ್ಕೆ ಅದೇ ಬೆಸ್ಟ್, ಹೊಸ ಹುಡುಗರಿಗೂ ಗೊತ್ತಿರತ್ತೆ. ಆದ್ರೆ ಅದು ಓಡೋದು ಯುನಿಕ್ಸ್ ಸರ್ವಿಸಸ್ (ಜೆಡ್‌ಓಎಸ್ ಒಳಗಿನ ಯುನಿಕ್ಸ್ ಭಾಗ) ಕಡೆ, ಟ್ಯಾಗ್ (ಫೈಲ್ ಯಾವ ಎನ್‌ಕೋಡಿಂಗ್ ಅಂತ ಹೇಳೋ ಗುರುತು) ಸರಿ ಇಲ್ಲದ ಎಬ್ಸಿಡಿಕ್ (ಮೇನ್‌ಫ್ರೇಮ್‌ನ ಅಕ್ಷರ ಎನ್‌ಕೋಡಿಂಗ್) ಫೈಲ್ ಓದಿದ್ರೆ ಬರೀ ಕಸ ಬರತ್ತೆ, ಡೇಟಾಸೆಟ್ ಮುಟ್ಟೋಕೆ ಜೆಡ್‌ಓಎಯು ಅನ್ನೋ ಐಬಿಎಂ ಟೂಲ್ ಹಾಕ್ಕೊಂಡ್ರೇ ಸುಲಭ.