ವೆಝೇರ್ ಕಣಿವೆಯ ಗುಹೆಗಳು: ಮೊದಲು ಪ್ರತಿಕೃತಿ, ಆಮೇಲೆ ಮೂಲ

ಫ್ರಾನ್ಸಿನ ನೈರುತ್ಯದಲ್ಲಿರುವ ದೊರ್ದೋನ್ ಜಿಲ್ಲೆಯ ವೆಝೇರ್ ಕಣಿವೆಗೆ ಹೋಗಬಯಸುವವರು ಹೊರಡುವ ಮುನ್ನವೇ ಒಂದು ಸಂಗತಿಯನ್ನು ತಿಳಿದಿರಬೇಕು. ಗೋಡೆಗಳ ಮೇಲಿನ ಆದಿಮಾನವ ಚಿತ್ರಗಳಿಂದ ಈ ಕಣಿವೆಯನ್ನು ಜಗತ್ಪ್ರಸಿದ್ಧಗೊಳಿಸಿದ ಲಾಸ್ಕೊ ಗುಹೆಯೊಳಗೆ ಪ್ರವಾಸಿಗರಿಗೆ ಪ್ರವೇಶವಿಲ್ಲ, ಮುಂದೆ ಸಿಗುವ ಸೂಚನೆಯೂ ಇಲ್ಲ. ಅಲ್ಲಿ ಟಿಕೆಟ್ ಪಡೆದು ನೋಡುವುದೆಲ್ಲ ಪ್ರತಿಕೃತಿಯನ್ನು. ಇದನ್ನು ಕೇಳಿ ಪ್ರವಾಸದ ಯೋಜನೆಯನ್ನೇ ಕೈಬಿಟ್ಟ ಪರಿಚಿತರಿದ್ದಾರೆ. ಅವರಿಗೂ ಅವರಂತೆ ಯೋಚಿಸುವವರಿಗೂ ನಾನು ಹೇಳಬಯಸುವುದು ಇಷ್ಟು: ಜನರನ್ನು ಒಳಗೆ ಬಿಡದೆ ಕಾಯುವ ಈ ಕಟ್ಟುನಿಟ್ಟೇ ಕಣಿವೆಯ ಅತ್ಯುತ್ತಮ ವ್ಯವಸ್ಥೆ. ಅದನ್ನು ಒಪ್ಪಿಕೊಂಡು ಹೋದವರಿಗೆ ಇಲ್ಲಿ ಸಿಗುವ ಅನುಭವಕ್ಕೆ ಸಾಟಿಯಾದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಲಾಸ್ಕೊ ಬೆಳಕಿಗೆ ಬಂದದ್ದು 1940ರ ಸೆಪ್ಟೆಂಬರ್ 12ರಂದು. ಮೊಂತಿನ್ಯಾಕ್ ಊರಿನ ಮೇಲಿನ ಗುಡ್ಡದಲ್ಲಿ ನಾಲ್ವರು ಹುಡುಗರು ನೆಲದ ಬಿರುಕೊಂದನ್ನು ಅಗಲಿಸಿ ಒಳಗಿಳಿದಾಗ, ಸುಮಾರು 17,000 ವರ್ಷಗಳ ಹಿಂದಿನ ಕುದುರೆ, ಕಾಡೆತ್ತು, ಜಿಂಕೆಗಳ ಚಿತ್ರಗಳು ಅವರ ದೀಪದ ಬೆಳಕಿಗೆ ಬಿದ್ದವು. ಯುದ್ಧ ಮುಗಿದ ಮೇಲೆ 1948ರಲ್ಲಿ ಗುಹೆಯನ್ನು ಸಾರ್ವಜನಿಕರಿಗೆ ತೆರೆಯಲಾಯಿತು. ದಿನವೂ ನೂರಾರು ಜನ ಒಳಹೊಕ್ಕು ಬಿಟ್ಟ ಉಸಿರಿನ ತೇವ, ಇಂಗಾಲದ ಡೈಆಕ್ಸೈಡ್, ಮೈಶಾಖ ಮತ್ತು ವಿದ್ಯುದ್ದೀಪಗಳ ಬೆಳಕು ಇವೆಲ್ಲ ಸೇರಿ ಗೋಡೆಗಳ ಮೇಲೆ ಹಸಿರು ಪಾಚಿ ಬೆಳೆಯಿತು, ಬಿಳಿಯ ಸುಣ್ಣದ ಪೊರೆ ಕಟ್ಟತೊಡಗಿತು. ಸಾವಿರಾರು ವರ್ಷ ಕೆಡದೆ ಉಳಿದದ್ದು ಹದಿನೈದು ವರ್ಷಗಳಲ್ಲಿ ಅಪಾಯಕ್ಕೆ ಸಿಲುಕಿತ್ತು. 1963ರಲ್ಲಿ ಅಂದಿನ ಸಂಸ್ಕೃತಿ ಸಚಿವ ಆಂದ್ರೆ ಮಾಲ್ರೋ ಗುಹೆಯನ್ನು ಮುಚ್ಚಿಸಿದರು. ಮುಚ್ಚಿದ ಮೇಲೂ ಅಪಾಯ ಪೂರ್ತಿ ತೊಲಗಲಿಲ್ಲ. 2001ರಲ್ಲಿ ಬಿಳಿ ಬೂಷ್ಟು ಹಬ್ಬಿ ಸಂರಕ್ಷಕರನ್ನು ಕಂಗೆಡಿಸಿತು. ಈ ಇತಿಹಾಸವನ್ನು ಓದಿಕೊಂಡು ಹೋದವರಿಗೆ ಪ್ರತಿಕೃತಿಯ ಬಗ್ಗೆ ತಾತ್ಸಾರ ಉಳಿಯುವುದಿಲ್ಲ.

ಮೊದಲ ಪ್ರತಿಕೃತಿಯಾದ ‘ಲಾಸ್ಕೊ 2’ 1983ರಲ್ಲಿ ಮೂಲ ಗುಹೆಯ ಸಮೀಪದಲ್ಲೇ ತೆರೆಯಿತು. ಮೂರನೆಯದು ದೇಶದೇಶಗಳನ್ನು ಸುತ್ತುವ ಪ್ರದರ್ಶನ. 2016ರ ಡಿಸೆಂಬರ್‌ನಲ್ಲಿ ಗುಡ್ಡದ ಬುಡದಲ್ಲಿ ತೆರೆದ ‘ಲಾಸ್ಕೊ 4’ ಇವೆಲ್ಲಕ್ಕಿಂತ ದೊಡ್ಡದು. ನಾರ್ವೆಯ ಸ್ನೋಹೆಟ್ಟಾ ಸಂಸ್ಥೆ ವಿನ್ಯಾಸಗೊಳಿಸಿದ ಕಾಂಕ್ರೀಟು ಮತ್ತು ಗಾಜಿನ ಕಟ್ಟಡವು ಹೊಲ ಮತ್ತು ಕಾಡು ಸೇರುವ ಅಂಚಿನಲ್ಲಿ, ನೆಲದಲ್ಲಿ ಬಿದ್ದ ಉದ್ದನೆಯ ಸೀಳಿನಂತೆ, ತಲೆಯೆತ್ತದೆ ಮಲಗಿದೆ. ಒಳಗೆ ಹೋದೊಡನೆ ಗಾಳಿ ತಂಪಾಗುತ್ತದೆ, ಸದ್ದು ಕುಗ್ಗುತ್ತದೆ, ಕಣ್ಣು ಕತ್ತಲೆಗೆ ಹೊಂದಿಕೊಳ್ಳುವಷ್ಟರಲ್ಲಿ ಗೂಳಿಗಳ ಮಂಟಪ ಎದುರಾಗುತ್ತದೆ. ಅಲ್ಲಿನ ದೊಡ್ಡ ಕಾಡುಗೂಳಿಯ ಉದ್ದ ಐದು ಮೀಟರಿಗೂ ಹೆಚ್ಚು. ಮೂಲ ಗುಹೆಯನ್ನು ಲೇಸರ್‌ನಿಂದ ಅಳೆದು ಬಂಡೆಯ ಉಬ್ಬುತಗ್ಗುಗಳನ್ನು ಮರಳಿ ರೂಪಿಸಿ, ಅದರ ಮೇಲೆ ಕಲಾವಿದರು ಕೈಯಿಂದಲೇ ಬಣ್ಣ ಹಾಕಿದ್ದಾರೆ. ಬಂಡೆಯ ಒಂದು ಉಬ್ಬು ಪ್ರಾಣಿಯ ಹೊಟ್ಟೆಯಾಗುವುದನ್ನು, ಗೋಡೆಯ ಒಂದು ತಿರುವು ಓಡುವ ಕುದುರೆಗೆ ವೇಗ ಕೊಡುವುದನ್ನು ಅಚ್ಚಿನ ಪುಸ್ತಕದಲ್ಲಿ ಕಾಣಲಾಗದು. ಇಲ್ಲಿ ಅದು ಸ್ಪಷ್ಟವಾಗಿ ಕಾಣುತ್ತದೆ. ಇದನ್ನು ಚಿತ್ರಿಸಿದವರು ಮುಖ್ಯವಾಗಿ ಹಿಮಸಾರಂಗದ ಮಾಂಸ ತಿಂದು ಬದುಕಿದ್ದರೂ ಗೋಡೆಗಳ ಮೇಲೆ ಹಿಮಸಾರಂಗವನ್ನು ಹುಡುಕಿದರೂ ಸಿಗದು ಎನ್ನುವಷ್ಟು ಅಪರೂಪ. ಊಟದ ಪ್ರಾಣಿಯೇ ಬೇರೆ, ಮನಸ್ಸು ತುಂಬಿದ ಪ್ರಾಣಿಯೇ ಬೇರೆ ಎಂಬ ಈ ವಿವರ ನನ್ನನ್ನು ಬಹಳ ಕಾಲ ಕಾಡಿದೆ.

ಗುಹೆಯ ಭಾಗವನ್ನು ಗುಂಪಿನಲ್ಲಿ, ಮಾರ್ಗದರ್ಶಕರ ಹಿಂದೆಯೇ ನೋಡಬೇಕು. ವಿವರಣೆ ಉತ್ತಮವಾಗಿದ್ದರೂ ಇಷ್ಟವಾದ ಗೋಡೆಯ ಮುಂದೆ ಬೇಕಾದಷ್ಟು ಹೊತ್ತು ನಿಲ್ಲಲು ಇದರಲ್ಲಿ ಅವಕಾಶ ಕಡಿಮೆ. ಆ ಕೊರತೆಯನ್ನು ತುಂಬುವುದು ಅನಂತರ ಬರುವ ಕಾರ್ಯಾಗಾರದ ಕೋಣೆ. ಗೋಡೆಗಳ ದೊಡ್ಡ ತುಂಡುಗಳನ್ನು ಅಲ್ಲಿ ತೂಗುಹಾಕಿದ್ದಾರೆ, ಎಷ್ಟು ಹೊತ್ತು ಬೇಕಾದರೂ ನೋಡಬಹುದು. ಒಂದು ಗೆರೆಯ ಮೇಲೆ ಮತ್ತೊಂದು ಗೆರೆ ಹೇಗೆ ಬಂತು, ಕೆತ್ತನೆ ಎಲ್ಲಿ, ಕಾವಿಮಣ್ಣು ಎಲ್ಲಿ, ಮ್ಯಾಂಗನೀಸಿನ ಕಪ್ಪು ಎಲ್ಲಿ ಎಂಬುದನ್ನು ನಾನು ಅರ್ಥ ಮಾಡಿಕೊಂಡದ್ದು ಆ ಕೋಣೆಯಲ್ಲಿ. ಮೂರು ಆಯಾಮದ ಸಿನಿಮಾ ಮತ್ತು ತೆರೆಗಳ ಸಭಾಂಗಣ ಮಕ್ಕಳಿಗೆ ಹಿಡಿಸಬಹುದು; ಸಮಯ ಕಡಿಮೆಯಿದ್ದರೆ ಅವನ್ನು ಬಿಟ್ಟರೆ ನಷ್ಟವಿಲ್ಲ.

ಇಲ್ಲಿಂದ ನದಿಯ ಹರಿವಿನ ದಿಕ್ಕಿನಲ್ಲಿ ಕೆಳಗಿಳಿದರೆ ಲೆಝೆಝಿ ಎಂಬ ಊರು. 1868ರಲ್ಲಿ ರೈಲುಮಾರ್ಗದ ಕೆಲಸ ನಡೆಯುವಾಗ ಹಿಮಯುಗದ ಯುರೋಪಿನಲ್ಲಿ ಬದುಕಿದ್ದ, ನಮ್ಮದೇ ಜಾತಿಯ ಕ್ರೊಮ್ಯಾಗ್ನನ್ ಮಾನವನ ಅಸ್ಥಿಗಳು ಸಿಕ್ಕಿದ ಕಲ್ಲಾಸರೆ ಇದೇ ಊರಿನಲ್ಲಿದೆ. ಫಾಂ-ದ-ಗೋಮ್ ಗುಹೆ ಊರಿನ ಅಂಚಿನಲ್ಲಿದೆ, ಮತ್ತು ನನ್ನ ದೃಷ್ಟಿಯಲ್ಲಿ ಇಡೀ ಪ್ರವಾಸದ ಹೃದಯ ಇದೇ. 1901ರಲ್ಲಿ ಸ್ಥಳೀಯ ಶಾಲಾ ಶಿಕ್ಷಕ ದೆನಿ ಪೇರೋನಿ ಇದರ ಚಿತ್ರಗಳನ್ನು ಗುರುತಿಸಿದರು. ಹಲವು ಬಣ್ಣಗಳ ಆದಿಮಾನವ ಚಿತ್ರಗಳನ್ನು ಮೂಲರೂಪದಲ್ಲೇ ಸಾರ್ವಜನಿಕರು ನೋಡಬಹುದಾದ, ಇಂದಿಗೂ ತೆರೆದಿರುವ ಅತಿ ಅಪರೂಪದ ಗುಹೆ ಇದು. ಒಳಗೆ ಬಿಡುವುದು ಚಿಕ್ಕ ಗುಂಪುಗಳನ್ನು ಮಾತ್ರ, ದಿನಕ್ಕೆ ಕೆಲವೇ ಸಲ. ಕ್ಯಾಮೆರಾ ನಿಷಿದ್ಧ, ಚೀಲಗಳನ್ನು ಹೊರಗೇ ಇಡಬೇಕು, ಗೋಡೆಗೆ ಭುಜ ತಾಗದಂತೆ ನಡೆಯಬೇಕು.

ಕಿರಿದಾದ ಹಾದಿಯಲ್ಲಿ ಸಾಗುವಾಗ ಮೊದಲಿಗೆ ಏನೂ ಕಾಣುವುದಿಲ್ಲ. ಬಣ್ಣ ಮಾಸಿದೆ, ಹಳೆಯ ಕಾಲದ ಸಂದರ್ಶಕರು ತಮ್ಮ ಹೆಸರುಗಳನ್ನು ಗೀಚಿಹೋಗಿದ್ದಾರೆ. ಮಾರ್ಗದರ್ಶಕಿ ಕೈದೀಪವನ್ನು ಗೋಡೆಗೆ ಓರೆಯಾಗಿ ಹಿಡಿದು ನಿಧಾನವಾಗಿ ಸರಿಸಿದಾಗ ಬಂಡೆಯೊಳಗಿಂದಲೇ ಎದ್ದುಬಂದಂತೆ ಕಾಡೆಮ್ಮೆಯ ಬೆನ್ನು, ಆಮೇಲೆ ಕೊಂಬು, ಆಮೇಲೆ ಕಣ್ಣು ಕಾಣಿಸತೊಡಗುತ್ತದೆ. ಮಂಡಿಯೂರಿದ ಒಂದು ಹಿಮಸಾರಂಗದ ಹಣೆಯನ್ನು ಇನ್ನೊಂದು ಬಾಗಿ ನೆಕ್ಕುತ್ತಿರುವ ಚಿತ್ರವನ್ನು ಹೀಗೆ ಓರೆಬೆಳಕಿನಲ್ಲಿ ನೋಡಿದಾಗ ನಮ್ಮ ಗುಂಪಿನಲ್ಲಿ ಯಾರೂ ಮಾತನಾಡಲಿಲ್ಲ. ಐದು ಕಾಡೆಮ್ಮೆಗಳ ಸಾಲು ಪತ್ತೆಯಾದದ್ದು 1966ರಲ್ಲಿ, ಗೋಡೆಯನ್ನು ಸ್ವಚ್ಛಗೊಳಿಸುವಾಗ. ಅಂದರೆ ಅಷ್ಟು ವರ್ಷ ಅದರ ಮುಂದೆ ಹಾದುಹೋದ ವಿದ್ವಾಂಸರ ಕಣ್ಣಿಗೂ ಅದು ಬಿದ್ದಿರಲಿಲ್ಲ. ಲಾಸ್ಕೊದ ಪ್ರತಿಕೃತಿಯಲ್ಲಿ ಎಲ್ಲವೂ ಹೊಳೆಯುತ್ತದೆ, ಎಲ್ಲವೂ ಪೂರ್ಣವಾಗಿ ಕಾಣುತ್ತದೆ. ಅದನ್ನು ನೋಡಿ ಬಂದಿದ್ದರಿಂದಲೇ ಇಲ್ಲಿನ ಮಾಸಲು ಗೆರೆಗಳನ್ನು ಓದುವ ಅಭ್ಯಾಸ ಕಣ್ಣಿಗೆ ಆಗಿತ್ತು. ಮೊದಲು ಪ್ರತಿಕೃತಿಯನ್ನೂ ಆಮೇಲೆ ಮೂಲವನ್ನೂ ನೋಡಿ ಎಂದು ಒತ್ತಿ ಹೇಳುವುದು ಇದೇ ಕಾರಣಕ್ಕೆ. ಕ್ರಮ ತಿರುಗಿದರೆ ಎರಡೂ ಸಪ್ಪೆಯಾಗುತ್ತವೆ.

ರೂಫಿನ್ಯಾಕ್ ಗುಹೆ ಇನ್ನೊಂದು ಬಗೆಯದು. ಇದರ ಸುರಂಗಗಳು ಒಟ್ಟು ಎಂಟು ಕಿಲೋಮೀಟರುಗಳಷ್ಟು ಹಬ್ಬಿರುವುದರಿಂದ ಪುಟ್ಟ ವಿದ್ಯುತ್ ರೈಲಿನಲ್ಲಿ ಕೂರಿಸಿ ಒಳಗೆ ಕರೆದೊಯ್ಯುತ್ತಾರೆ. ಹೆಚ್ಚು ದೂರ ನಡೆಯಲಾಗದ ಹಿರಿಯರನ್ನು ಕರೆದುಕೊಂಡು ಹೋಗುವವರಿಗೆ ಇದಕ್ಕಿಂತ ಅನುಕೂಲವಾದ ಗುಹೆ ಈ ಕಣಿವೆಯಲ್ಲಿಲ್ಲ. ದಾರಿಯುದ್ದಕ್ಕೂ ಚಳಿಗಾಲದಲ್ಲಿ ಮಲಗಿದ್ದ ಗುಹಾಕರಡಿಗಳು ತೋಡಿಕೊಂಡ ಗುಂಡಿಗಳು, ಗೋಡೆಯಲ್ಲಿ ಅವುಗಳ ಉಗುರಿನ ಗೀರುಗಳು. ಕೊನೆಯಲ್ಲಿ ಮಹಾಛಾವಣಿ. ಮ್ಯಾಮತ್, ಘೇಂಡಾಮೃಗ, ಕಾಡಾಡು, ಕುದುರೆಗಳು ಒಂದರ ಮೇಲೊಂದು ಕಪ್ಪು ಗೆರೆಗಳಲ್ಲಿವೆ. ನಾವು ನಿಂತು ನೋಡುವ ನೆಲವನ್ನು ಈಚೆಗೆ ತಗ್ಗಿಸಲಾಗಿದೆ; ಚಿತ್ರ ಬರೆದವರ ತಲೆಗೂ ಛಾವಣಿಗೂ ನಡುವೆ ಜಾಗವೇ ಇರಲಿಲ್ಲ. ಮಲಗಿಯೋ ಮುದುರಿ ಕುಳಿತೋ ಬರೆದ ಅವರಿಗೆ ತಮ್ಮ ಚಿತ್ರವನ್ನು ಪೂರ್ತಿಯಾಗಿ ಒಮ್ಮೆಗೇ ನೋಡಲು ಸಾಧ್ಯವಿರಲಿಲ್ಲ ಎಂಬುದು ಆ ರೇಖೆಗಳ ಖಚಿತತೆಯನ್ನು ಇನ್ನಷ್ಟು ಅಚ್ಚರಿಯದಾಗಿಸುತ್ತದೆ. ಅದೇ ಛಾವಣಿಯ ಮೇಲೆ ಹಿಂದಿನ ಶತಮಾನಗಳ ಸಂದರ್ಶಕರು ಮೇಣದಬತ್ತಿಯ ಹೊಗೆಯಿಂದ ತಮ್ಮ ಹೆಸರು ಬರೆದುಹೋಗಿದ್ದಾರೆ. ನೋಡಿ ನೋವಾಯಿತು.

ಗುಹೆಗಳಿಂದ ಹೊರಬಂದಾಗ ಭೂದೃಶ್ಯವೂ ಬೇರೆಯಾಗಿ ಕಾಣತೊಡಗುತ್ತದೆ. ಸುಣ್ಣಕಲ್ಲಿನ ಬಂಡೆಗೋಡೆಗಳನ್ನು ನದಿ ಕೊರೆದು, ಹಿಮ ಸೀಳಿ ಉಂಟಾದ ಉದ್ದುದ್ದ ಚಾಚುಗಳೇ ಮನುಷ್ಯರಿಗೆ ಸೂರಾದವು. ಲಾ ರೋಕ್ ಸೇಂ ಕ್ರಿಸ್ತೋಫ್ ಎಂಬಲ್ಲಿ ಸುಮಾರು ಒಂದು ಕಿಲೋಮೀಟರು ಉದ್ದದ, ಐದು ಅಂತಸ್ತುಗಳ ಇಂಥ ಬಂಡೆಯನ್ನು ಹತ್ತಿ ನೋಡಬಹುದು. ಮಧ್ಯಯುಗದಲ್ಲೂ ಅಲ್ಲಿ ಜನವಸತಿಯಿತ್ತು. ಇನ್ನೂ ದಕ್ಷಿಣಕ್ಕೆ ದೊರ್ದೋನ್ ನದಿಯ ಎರಡು ದಡಗಳಲ್ಲಿ ಬೇನಾಕ್ ಮತ್ತು ಕಾಸ್ತೆಲ್ನೋ ಕೋಟೆಗಳು ಎದುರುಬದುರಾಗಿ ನಿಂತಿವೆ. ಮಧ್ಯಯುಗದಲ್ಲಿ ಇಂಗ್ಲೆಂಡಿಗೂ ಫ್ರಾನ್ಸಿಗೂ ನಡೆದ ನೂರು ವರ್ಷಗಳ ಯುದ್ಧದಲ್ಲಿ ಇವು ವಿರುದ್ಧ ಪಕ್ಷಗಳಲ್ಲಿದ್ದವು. ಎರಡರಲ್ಲಿ ಒಂದನ್ನೇ ಆರಿಸುವುದಾದರೆ, ಕಾಸ್ತೆಲ್ನೋ ಒಳಗಿನ ವಸ್ತುಸಂಗ್ರಹಾಲಯಕ್ಕಿಂತ ಕಟ್ಟಡದ ಒರಟುತನವನ್ನು ಮೆಚ್ಚುವ ನಾನು ಬೇನಾಕನ್ನು ಆರಿಸುತ್ತೇನೆ.

ಅನುಕೂಲಗಳ ವಿಷಯದಲ್ಲಿ ಕಣಿವೆ ಅಷ್ಟು ಉದಾರವಾಗಿಲ್ಲ. ಲೆಝೆಝಿಗೆ ರೈಲು ನಿಲ್ದಾಣವಿದೆ, ಆದರೆ ಬರುವ ಗಾಡಿಗಳು ಕಡಿಮೆ, ಒಂದು ಗುಹೆಯಿಂದ ಇನ್ನೊಂದಕ್ಕೆ ಹೋಗಲು ಕಾರು ಬೇಕೇ ಬೇಕು. ಬೋರ್ದೋ ನಗರದಲ್ಲಿ ಕಾರು ಬಾಡಿಗೆಗೆ ಪಡೆಯುವುದು ಸುಲಭ. ಭಾರತದ ಪರವಾನಗಿಯ ಜೊತೆಗೆ ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನು ನಮ್ಮ ಆರ್‌ಟಿಒ ಕಚೇರಿಯಲ್ಲಿ ಮೊದಲೇ ಮಾಡಿಸಿಕೊಂಡಿರಬೇಕು. ಸಸ್ಯಾಹಾರಿಗಳಿಗೆ ಈ ಸೀಮೆ ಕಷ್ಟದ್ದು. ಬಾತುಕೋಳಿಯೇ ಇಲ್ಲಿನ ಊಟದ ರಾಜ. ಸಾರ್ಲಾ ಪಟ್ಟಣದ ಹೆಸರಾಂತ ಆಲೂಗಡ್ಡೆ ಹುರಿಯಲನ್ನೂ ಬಾತುಕೋಳಿಯ ಕೊಬ್ಬಿನಲ್ಲೇ ಹುರಿಯುತ್ತಾರೆ, ಹಾಗಾಗಿ ತರಕಾರಿ ಎಂದು ನಂಬಿ ತರಿಸುವ ಮೊದಲು ಕೇಳಿ. ಅಡುಗೆಮನೆಯಿರುವ ಬಾಡಿಗೆ ಮನೆ ಹಿಡಿದು, ಸಾರ್ಲಾದ ಬುಧವಾರ ಮತ್ತು ಶನಿವಾರದ ಸಂತೆಯಲ್ಲಿ ಬ್ರೆಡ್ಡು, ಮೇಕೆಹಾಲಿನ ಚೀಸ್, ಆಕ್ರೋಟು, ಋತುವಿನಲ್ಲಾದರೆ ಸ್ಟ್ರಾಬೆರಿ ಕೊಂಡುಕೊಂಡರೆ ಊಟದ ಚಿಂತೆ ಬಹುಪಾಲು ತೀರುತ್ತದೆ.

ಜುಲೈ, ಆಗಸ್ಟ್ ತಿಂಗಳುಗಳು ಫ್ರೆಂಚರ ರಜಾಕಾಲವಾದ್ದರಿಂದ ರಸ್ತೆ, ಸಂತೆ, ಕೋಟೆ ಎಲ್ಲವೂ ತುಂಬಿರುತ್ತವೆ; ಚಳಿಗಾಲದಲ್ಲಿ ರೂಫಿನ್ಯಾಕ್ ಮುಚ್ಚಿರುತ್ತದೆ. ಮೇ, ಜೂನ್ ಅಥವಾ ಸೆಪ್ಟೆಂಬರ್ ಉತ್ತಮ. ವೀಸಾ ಕೈಗೆ ಬಂದ ಕೂಡಲೇ ಮಾಡಬೇಕಾದ ಮೊದಲ ಕೆಲಸ ಫಾಂ-ದ-ಗೋಮ್ ಪ್ರವೇಶವನ್ನು ಕಾಯ್ದಿರಿಸುವುದು. ಅಲ್ಲಿ ಸಿಕ್ಕಿದ ದಿನಾಂಕದ ಹಿಂದಿನ ದಿನಕ್ಕೆ ಲಾಸ್ಕೊ 4ರ ಟಿಕೆಟ್ ತೆಗೆದುಕೊಂಡು, ವಸತಿ ಮತ್ತು ಕಾರನ್ನು ಅದಕ್ಕೆ ಹೊಂದಿಸಿಕೊಳ್ಳಿ.