'ರಿಸ್ಟೋರ್ಡ್' ಅಂತ ಬರೆದಿದ್ದರೆ ನಂಬಬೇಡಿ: ನನ್ನ 'ನೋಸ್ಫೆರಾಟು' ಕಥೆ

ಹಳೇ ಮೂಕಿ ಸಿನಿಮಾಗಳ ಡಿಸ್ಕ್ ಕೊಳ್ಳುವವರು ಇದನ್ನ ಓದಿ. 700 ರೂಪಾಯಿ ಹೋಯಿತು, ಹೋಗಲಿ ಬಿಡಿ, ಮನೆಮಂದಿ ಮುಂದೆ ಮಾನ ಹೋಗಿದ್ದೇ ಜಾಸ್ತಿ ಬೇಜಾರು.

ಜರ್ಮನ್ ನಿರ್ದೇಶಕ ಮುರ್ನಾವ್‌ನ 1922ರ ದೆವ್ವದ ಸಿನಿಮಾ 'ನೋಸ್ಫೆರಾಟು' ಆನ್‌ಲೈನ್‌ನಲ್ಲಿ ತರಿಸಿದ್ದೆ. ಹೊದಿಕೆ ಮೇಲೆ 'ರಿಸ್ಟೋರ್ಡ್', ಅಂದರೆ ಹಾಳಾದ ಹಳೇ ಪ್ರತಿಯನ್ನು ಸರಿಪಡಿಸಿದ್ದು, ಅಂತ ದಪ್ಪಕ್ಷರ. ಶನಿವಾರ ರಾತ್ರಿ ಬಳ್ಳಾರಿಯ ನಮ್ಮ ಮಾಳಿಗೆ ಮೇಲೆ ಬಿಳಿ ಪಂಚೆ ಕಟ್ಟಿ, ಬಾಡಿಗೆ ಪ್ರೊಜೆಕ್ಟರ್ ಇಟ್ಟು, ಒಗ್ಗಾಣಿ ಮಿರ್ಚಿ ತರಿಸಿ ಅಕ್ಕನ ಮನೆಯವರನ್ನೆಲ್ಲ ಕೂರಿಸಿದೆ. ಹೆದರಿಕೊಂಡರೆ ನನ್ನ ಕೇಳಬೇಡಿ ಅಂತ ಬಿಲ್ಡಪ್ ಬೇರೆ.

ರಕ್ತ ಹೀರುವ ಕೌಂಟ್ (ಅಂದರೆ ಸಿರಿವಂತ ದೊರೆ) ಶವಪೆಟ್ಟಿಗೆ ಹೊತ್ತುಕೊಂಡು ಊರೊಳಗೆ ಬರುವ ದೃಶ್ಯ ಬಂತು. ಪಂಚೆ ಮೇಲೆ ನೋಡಿದರೆ ಮಟಮಟ ಮಧ್ಯಾಹ್ನ! ಅಕ್ಕನ ಮಗ ಮಿರ್ಚಿ ಕಚ್ಚುತ್ತಾ, "ಮಾಮ, ದೆವ್ವ ಹಗಲೊತ್ತಲ್ಲೇ ತಿರುಗಾಡ್ತೈತಲ್ಲ? ನಮ್ಮೂರ ಬಿಸಿಲಾಗಿದ್ರೆ ಅಲ್ಲೇ ಸುಟ್ಟು ಹೋಗ್ತಿತ್ತು" ಅಂದ. ಅವನ ತಪ್ಪಿಲ್ಲ. ಈ ದೆವ್ವ ಸಾಯುವುದೇ ಬೆಳಗಿನ ಬಿಸಿಲಿಗೆ. ಆದರೆ ಆಗ ರಾತ್ರಿಯ ದೃಶ್ಯಗಳನ್ನೂ ಹಗಲಲ್ಲೇ ತೆಗೆದು, ಆಮೇಲೆ ಫಿಲ್ಮನ್ನು ನೀಲಿ ಬಣ್ಣದಲ್ಲಿ ಅದ್ದುತ್ತಿದ್ದರು. ನೀಲಿ ಅಂದರೆ ರಾತ್ರಿ. ನನಗೆ ಸಿಕ್ಕಿದ್ದು ಆ ಬಣ್ಣವೇ ಇಲ್ಲದ ಕಪ್ಪು-ಬಿಳುಪು ನಕಲು, ಅದರಲ್ಲಿ ಎಲ್ಲ ರಾತ್ರಿಯೂ ಹಗಲೇ.

ಸಂಗೀತದ್ದು ಇನ್ನೊಂದು ಗೋಳು. ಯಾವುದೋ ಪಿಯಾನೋ ತುಣುಕು, ಮುಗಿದ ಮೇಲೆ ಮತ್ತೆ ಮೊದಲಿಂದ. ಕೋಳಿ ಕೂಗಿ ಕೌಂಟ್ ಕರಗಿಹೋಗುವ ಹೊತ್ತಿಗೆ ಸರಿಯಾಗಿ ಅದು ಟಕ್ ಅಂತ ನಿಂತು, ಮದುವೆ ಊಟದ ಹಾಲ್‌ನಲ್ಲಿ ಹಾಕುತ್ತಾರಲ್ಲ, ಹಾಗೆ ಖುಷಿಯಾಗಿ ಶುರುವಾಯಿತು. ಅಕ್ಕ ನಕ್ಕುಬಿಟ್ಟಳು.

ಆಮೇಲೆ ಹುಡುಕಿದಾಗ ಗೊತ್ತಾಗಿದ್ದು. 1922ರ ಮೊದಲ ಪ್ರದರ್ಶನಕ್ಕೆ ಹಾನ್ಸ್ ಎರ್ಡ್‌ಮನ್ ವಾದ್ಯಗೋಷ್ಠಿಗಂತಲೇ ಸಂಗೀತ ಬರೆದಿದ್ದ. ಬಹುಪಾಲು ಕಳೆದುಹೋಗಿತ್ತು, ಉಳಿದ ತುಣುಕುಗಳಿಂದ ಮತ್ತೆ ಕಟ್ಟಿದ್ದಾರೆ. ಜರ್ಮನಿಯ ಮುರ್ನಾವ್ ಪ್ರತಿಷ್ಠಾನ 2006ರ ಹೊತ್ತಿಗೆ ಸರಿಪಡಿಸಿದ ಪ್ರತಿಯಲ್ಲಿ ಆ ಸಂಗೀತವೂ ಇದೆ, ಬಣ್ಣಗಳೂ ಇವೆ, ಸುಮಾರು 94 ನಿಮಿಷ ಓಡುತ್ತದೆ. ನನ್ನದು 64 ನಿಮಿಷ! ಒಂದಿಷ್ಟು ಕತ್ತರಿಸಿದ್ದಾರೆ, ಉಳಿದದ್ದನ್ನು ಆಗಿನದಕ್ಕಿಂತ ಜಾಸ್ತಿಯಾದ ಈಗಿನ ವೇಗದಲ್ಲಿ ಓಡಿಸಿದ್ದಾರೆ, ಹಾಗಾಗಿ ಎಲ್ಲರೂ ಕೋಳಿ ಹಿಡಿಯೋಕೆ ಹೊರಟವರ ಹಾಗೆ ಕಾಣುತ್ತಾರೆ. ಮೂಲದಲ್ಲಿ ಕೌಂಟ್ ಹೆಸರು ಓರ್ಲಾಕ್, ನನ್ನ ಡಿಸ್ಕಿನಲ್ಲಿ ದೃಶ್ಯಗಳ ನಡುವೆ ಬರುವ ಅಕ್ಷರಫಲಕಗಳಲ್ಲಿ ಡ್ರಾಕುಲಾ.

ಹೊಸ ಸಂಗೀತ ಹಾಕಿದ್ದೆಲ್ಲ ಕೆಟ್ಟದ್ದು ಅಂತಲ್ಲ. ಜೇಮ್ಸ್ ಬರ್ನಾರ್ಡ್ 1990ರ ದಶಕದಲ್ಲಿ ಇದಕ್ಕೇ ಬರೆದ ಸಂಗೀತ ನನಗೆ ಎರ್ಡ್‌ಮನ್‌ನದಕ್ಕಿಂತ ಜಾಸ್ತಿ ಹೆದರಿಕೆ ಹುಟ್ಟಿಸುತ್ತದೆ. ಅವನು ಸಿನಿಮಾ ನೋಡಿ ಬರೆದಿದ್ದಾನೆ, ನನ್ನ ಡಿಸ್ಕಿನ ಪಿಯಾನೋಗೂ ಅದಕ್ಕೂ ವ್ಯತ್ಯಾಸ ಅಷ್ಟೇ.

ಮಾರಿದವರಿಗೆ ಫೋನ್ ಮಾಡಿದರೆ, "ಡಿಸ್ಕ್ ಓಡ್ತಿದೆ ಅಲ್ವಾ ಸರ್, ಮತ್ತೇನು ಪ್ರಾಬ್ಲಂ?" ಅಂದರು. ಸೀಲ್ ಒಡೆದಿದ್ದೀರಿ, ವಾಪಸ್ ಇಲ್ಲ.

ಹಾಗಾಗಿ ದುಡ್ಡು ಕಟ್ಟುವ ಮುಂಚೆ ಹೊದಿಕೆಯ ಹಿಂಭಾಗದ ಫೋಟೋ ಕೇಳಿ. ಎಷ್ಟು ನಿಮಿಷ, ಸಂಗೀತ ಯಾರದು, ಸರಿಪಡಿಸಿದ್ದು ಯಾರು ಅಂತ ಅಲ್ಲಿ ಇರಲೇಬೇಕು. ಸಂಗೀತದವರ ಹೆಸರೇ ಇಲ್ಲದಿದ್ದರೆ ಬಿಟ್ಟುಬಿಡಿ. ಈಗಾಗಲೇ ತರಿಸಿದ್ದರೆ, ಸೀಲ್ ಒಡೆಯುವ ಮುಂಚೆ ಹಿಂದೆ ತಿರುಗಿಸಿ ನೋಡಿ.